ಮಾರಿಯ ತೂಕ

ಸಿಬಿಟಿ ಹಿಂದಿನ ಗಲ್ಲಿಯಾಗ ಮೈನುದ್ದೀನ್ ಸವಣೂರನ ಅಂಗಡಿ.
ಗ್ವಾಡಿ ತುಂಬ ತೆಲಿ, ಒಳಗ ಯಾರೂ ಇಲ್ಲದ ತೆಲಿ.
'ನಿಮ್ಮದು ಎಷ್ಟು ನಂಬರ್ರಿ?' ಅಂದ.
ಐವತ್ತೆರಡು ವರ್ಷ ಹೊತ್ತ ತೆಲಿ,
ಅದರ ನಂಬರ್ ನನಗ ಗೊತ್ತಿರಲಿಲ್ಲ.
ಹುಬ್ಬಿನ ಮ್ಯಾಲೆ ಟೇಪು ಸುತ್ತಿದ:
ಐವತ್ತೊಂಬತ್ತು ಸೆಂಟಿಮೀಟರ್.

ನಾನು ಬೆಟಗೇರಿಯ ಕಾಟಾ ರಿಪೇರಿಯವ.
ಕಿರಾಣಿಯವರ ಕಾಟಾ, ಬಂಗಾರದವರ ಕಾಟಾ,
ಎಪಿಎಂಸಿಯಾಗ ಮೆಣಸಿನಕಾಯಿ ಚೀಲ ತೂಗೂ ಕಾಟಾ.
ಕೈಯಾಗ ಹಿಡದ್ರ ಸಾಕು,
ಹತ್ತು ಗ್ರಾಮಿನ ಹೆಚ್ಚುಕಮ್ಮಿ ಹೇಳತೀನಿ.

ಮೊದಲ ಒಂದು ಕೊಟ್ಟ, ಪೂರಾ ಮುಚ್ಚಿದ್ದು, ಒಂದ ತುಂಡು.
ಸಾವಿರದ ಮುನ್ನೂರು, ಅಂದೆ. ಹೌದ್ರಿ, ಅಂದ.
ಇನ್ನೊಂದು, ಗದ್ದ ಮ್ಯಾಲೆ ಎತ್ತೂದು.
ಸಾವಿರದ ಏಳುನೂರಕ್ಕ ಇಪ್ಪತ್ತು ಕಮ್ಮಿ.
ಪೆಟ್ಟಿಗಿ ತಿರುವಿ ಓದಿ ನಕ್ಕ ಮೈನುದ್ದೀನ್.
'ಕೀಲು ಐತೆಲ್ರಿ, ಅದು ಕೀಲಿನ ತೂಕ.
ಖರೇ ಹೇಳತೀನಿ, ಬಿದ್ರ ಆ ಒಂದ ತುಂಡಿಂದ ಗಟ್ಟಿ.
ದಿನಾ ಗದಗ ಹುಬ್ಬಳ್ಳಿ ಅಂದ್ರ
ಕುತ್ತಿಗಿನೂ ಒಂದೀಟು ನೆನಸ್ರಿ.'

ನೆನಸಿದೆ. ಮುನ್ನೂರಾ ಎಂಬತ್ತು ಗ್ರಾಮು ಹೆಚ್ಚು.
ಅಣ್ಣಿಗೇರಿ ದಾಟೂದ್ರಾಗ ಅದು ಕಿಲೋ ಆಕೈತಿ,
ಎದುರಿನ ಹತ್ತಿ ಲಾರಿ ಗಾಳಿ ಬೀಸಿ ಹೋದಾಗ ಎರಡು.
ಕಾಟಾ ಹೇಳದ್ದನ್ನ ಹಾದಿ ಹೇಳತೈತಿ.

ದಾಕ್ಷಿ ಬಾಜೂಕ ನಿಂತಿದ್ಲು, ನನ್ನ ತುಟಿ ನೋಡಕೋತ.
ಹನ್ನೊಂದು ವರ್ಷದ ಹಿಂದ ಬಂದ ಜ್ವರ
ಹೋಗೂಮುಂದ ಆಕಿ ಎರಡೂ ಕಿವಿ ತಗೊಂಡು ಹೋತು.
ಆವಾಗಿಂದ ನನ್ನ ದನಿ ಅಂದ್ರ ಆಕಿಗೆ ಈ ತುಟಿ.
ಮೀಸಿ ಅಡ್ಡ ಬರತಾವಂತ ತಗಿಸಿಬಿಟ್ಟಾಳ.

ಒಂದ ತುಂಡಿನದು ಹಾಕ್ಕೊಂಡು ಕೇಳಿದೆ, 'ಹೆಂಗೈತಿ?'
ಆಕಿ ಸುಮ್ಮನ ನೋಡಿದ್ಲು.
ಕರೀ ಗಾಜು. ಅದರಾಗ ಆಕಿ ಮಾರಿ ಆಕಿಗೆ ಕಾಣತಿತ್ತು,
ಸಣ್ಣದು, ವಾರಿ.
ಮತ್ತೊಮ್ಮಿ ಕೇಳಿದೆ, ಜೋರಾಗಿ, ಹುಚ್ಚರಂಗ.
ನನ್ನ ಉಸಿರು ನನಗ ಬಡೀತು,
ಮುಂಜಾನೆ ತಿಂದ ಉಳ್ಳಾಗಡ್ಡಿ ವಾಸನಿ.

ಗದ್ದ ಎತ್ತೂದು ಹಾಕ್ಕೊಂಡೆ.
ಗಲ್ಲ ಬಿಗೀತು. ಚಷ್ಮಾದ ಕಡ್ಡಿ ಸಲೀಸ ಕೂತ್ವು.
'ತೆಲಿ ಅಲುಗಾಡ್ಸ್ರಿ. ತೆಲಿ ಕೂಡ ಅದು ತಿರಗಬೇಕು,
ಅದೊಂದ ತಿರಗಬಾರದು.'
ಹಿಂದಿಂದ ಎತ್ತಿ ನೋಡಿದ, ಕಳಚಲಿಲ್ಲ.
ಕೀಲಿನ ಮೊಳಿ ಕಬ್ಬಿಣದ್ದು ಅಂತ ಉಗುರಿಲೆ ಬಡದು ತೋರಿಸಿದ.
ಐಎಸ್‌ಐ ಮುದ್ರಿ ನಾನ ನೋಡಿದೆ,
ಖೊಟ್ಟಿ ಮುದ್ರಿ ಹಿಡಿಯೂದು ನನ್ನ ಕಸಬು.
ಇದು ಖರೇದು.

ಕೆಂಪು ಗುಂಡಿ ಒತ್ತಿದೆ. ಗದ್ದ ಹಣಿ ಮ್ಯಾಲೆ ಹೋತು.
'ಹೆಂಗೈತಿ?'
'ಕಾಳಿನ ಡಬ್ಬಿ ಮುಚ್ಚಳಾ ತಗದಂಗ ಕಾಣತೀರಿ.'
ಆಕಿ ದನಿ ಅಂಗಡಿಗಿಂತ ದೊಡ್ಡದು,
ಗಿರಾಕಿಗಳೆಲ್ಲ ಹೊಳ್ಳಿ ನೋಡಿದ್ರು.

ರೊಕ್ಕ ಎಣಿಸೂಮುಂದ ಮೈನುದ್ದೀನ್ ಒಂದು ಕರಾರು ಹಾಕಿದ:
'ಗಾಡಿ ನಿಂತಾಗಷ್ಟ ಎತ್ತೂದು.
ಎತ್ತಿಕೊಂಡು ಓಡಿಸಿದ್ರ ಅದು ಹೆಲ್ಮೆಟ್ಟಲ್ರಿ, ಛತ್ರಿ.'
ದಾಕ್ಷಿಗೆ ತಿಳಿಸೋಣಂತ ತಿರುಗಿದೆ.
'ಗೊತ್ತಾತು, ಛತ್ರಿ,' ಅಂದ್ಲು.
ಆತನ ತುಟಿನೂ ಓದಿ ಮುಗಿಸಿದ್ಲು.

ಅಣ್ಣಿಗೇರಿಯಾಗ ಚಾಕ್ಕ ನಿಂತ್ವಿ.
ತೆಲಿಯಿಂದ ತಗೀಲಿಲ್ಲ, ಗದ್ದ ಎತ್ತಿ ಬಶಿಲೆ ಕುಡದೆ.
ಇಷ್ಟು ವರ್ಷ ಈ ಹಾದಿಯಾಗ ನಮ್ಮ ಮಾತು ಅಂದ್ರ
ನನ್ನ ಬೆನ್ನ ಮ್ಯಾಲೆ ಆಕಿ ಬೆರಳು:
ಒಂದು ಬಡದ್ರ ನಿಲ್ಲಸು, ಎರಡು ಬಡದ್ರ ಹೊಂಡು.
ಈಗ ಹೊಳ್ಳಿ ಮಾರಿ ತೋರಿಸಿ ಕೇಳಿದೆ,
ಕೇಳಬೇಕಾದ್ದು ಬೇಕಾದಷ್ಟಿತ್ತು,
ಕೇಳಿದ್ದು ಮಾತ್ರ, 'ಗ್ಯಾಸ್ ಬಂದ್ ಮಾಡೀಯೇನ?'
'ಮಾಡೇನಿ.'

ಗದ್ದ ಇಳಿಸಿದೆ. ಕಟ್ ಅಂತು.
ನನಗ ಕೇಳಿತು. ಆಕಿಗೆ ನಂಬಿಕಿ ಬರಲಿಲ್ಲ.
ಹಿಂದಿಂದ ಎರಡೂ ಕೈ ಚಾಚಿ
ಈ ಕಡೆ ಕೀಲು, ಆ ಕಡೆ ಕೀಲು,
ಗದ್ದದ ಕೆಳಗ ಬೆರಳು ತೂರಿಸಿ ಜಗ್ಗಿ ನೋಡಿದ್ಲು.
ಆಮ್ಯಾಲೆ ಬೆನ್ನ ಮ್ಯಾಲೆ
ಎರಡು ಬಡದ್ಲು.